ಹದಿನೇಳನೇ ನಂಬರಿನ ಅಂಗಿ ಮಾತ್ರ ಕ್ಯಾಂಡಿಗೆ ಹೋಯಿತು

ಮುನಿರ್ಕಾ

ಕ್ಯಾಂಡಿಯ ರಗ್ಬಿ ಹುಡುಗಿಯರು ಮುಂದಿನ ತಿಂಗಳು ದೆಹಲಿಗೆ ಬರುತ್ತಾರಂತೆ. ಸುದ್ದಿ ಬಂದ ದಿನದಿಂದ ನಮ್ಮ ಹೋಟೆಲಿನಲ್ಲಿ ಕೂತವರೆಲ್ಲ ಜ್ಯೋತಿಷಿಗಳಾಗಿದ್ದಾರೆ. "ಆಂಟಿ, ನೀವು ಹೋದ ಸಲ ಶ್ರೀಲಂಕಾಕ್ಕೇ ಹೋಗಿ ಎರಡೂ ಟೀಮ್ ನೋಡಿ ಬಂದವರು. ಈ ಸಲ ಯಾರಿಗೆ ಚಾನ್ಸು, ಹೇಳಿ" ಎಂದು ಗಲ್ಲಾದ ಮುಂದೆ ನಿಂತು ಕೇಳುತ್ತಾರೆ. ನಾನು ಚಿಲ್ಲರೆ ಕೊಟ್ಟು ಸುಮ್ಮನಾಗುತ್ತೇನೆ. ಬಾಯಿ ತೆರೆದರೆ ಒಳಗೆ ದೋಸೆ ತಣ್ಣಗಾಗುವಷ್ಟು ಹೊತ್ತು ಬೈಯಬೇಕಾಗುತ್ತದೆ. ಅದಕ್ಕೇ ಬರೆಯಲು ಕೂತೆ.

ವಿದೇಶಕ್ಕೆ ಹೋಗಿ ಬಂದವರು ಬೆಟ್ಟ, ಕೆರೆ, ಬುದ್ಧನ ಗುಡಿ ಎಂದು ಬರೆಯುತ್ತಾರೆ. ಕ್ಯಾಂಡಿಯಲ್ಲಿ ಮೂರೂ ಇವೆ. ನಾನೂ ನೋಡಿದೆ. ಆದರೆ ಹೊಟ್ಟೆಯೊಳಗೆ ಬೆಂಕಿ ಇಟ್ಟುಕೊಂಡು ಕೆರೆ ನೋಡಿದರೆ ಕೆರೆ ಎಷ್ಟು ಕಂಡೀತು? ಚೆಲುವು ಬೇಕಾದವರು ಬೇರೆಯವರ ಕಥನ ಓದಲಿ.

ನಾವು ಕುಂದಾಪುರದ ಕಡೆಯವರು. ಮುನಿರ್ಕಾದ ಓಣಿಯೊಂದರಲ್ಲಿ ಇಪ್ಪತ್ತು ವರ್ಷದಿಂದ ಹೋಟೆಲು ನಡೆಸುತ್ತಿದ್ದೇವೆ. ಒಳಗೆ ಕಾವಲಿ ನಮ್ಮ ಯಜಮಾನರದ್ದು, ಹೊರಗೆ ಗಲ್ಲಾ ಮತ್ತು ಜಗಳ ನನ್ನದು. ಒಬ್ಬಳೇ ಮಗಳು ಅನಘಾ. ದೆಹಲಿಯಲ್ಲೇ ಹುಟ್ಟಿ ಬೆಳೆದವಳು, ಕನ್ನಡದಲ್ಲಿ ಶುರು ಮಾಡಿದ ಮಾತನ್ನು ಹಿಂದಿಯಲ್ಲಿ ಮುಗಿಸುತ್ತಾಳೆ. ಭರತನಾಟ್ಯಕ್ಕೆ ಸೇರಿಸಿದೆ, ಬಿಟ್ಟಳು. ಕೀಬೋರ್ಡ್ ಕೊಡಿಸಿದೆ, ಅಟ್ಟ ಸೇರಿತು. ಕಾಲೇಜಿನಲ್ಲಿ ಯಾರೋ ಮೊಟ್ಟೆಯಾಕಾರದ ಚೆಂಡು ಕೈಗೆ ಕೊಟ್ಟರು, ಅದನ್ನು ಮಾತ್ರ ಇವತ್ತಿಗೂ ಬಿಟ್ಟಿಲ್ಲ. ಈಗ ತನ್ನ ಕ್ಲಬ್ಬಿನ ಹೆಣ್ಣುಮಕ್ಕಳ ತಂಡಕ್ಕೆ ಅವಳೇ ಕ್ಯಾಪ್ಟನ್.

ಈ ಆಟ ಗೊತ್ತಿಲ್ಲದವರಿಗೆ ಒಂದೇ ವಿಷಯ ಹೇಳಿಬಿಡುತ್ತೇನೆ, ಅಷ್ಟು ತಿಳಿದರೆ ನನ್ನ ಸಿಟ್ಟು ತಿಳಿಯುತ್ತದೆ. ಆಟ ನಿಂತು ಮತ್ತೆ ಶುರುವಾಗುವಾಗ ಎರಡೂ ಕಡೆಯಿಂದ ಎಂಟೆಂಟು ಮಂದಿ ಬಗ್ಗಿ, ಹೆಗಲಿಗೆ ಹೆಗಲು ಕೊಟ್ಟು ಎದುರುಬದುರು ದಬ್ಬುತ್ತಾರೆ. ನಡುವೆ ಚೆಂಡು ಉರುಳಿಸುತ್ತಾರೆ. ಇದಕ್ಕೆ ಸ್ಕ್ರಮ್ ಎನ್ನುತ್ತಾರೆ. ಮುಂದಿನ ಸಾಲಿನಲ್ಲಿ ಮೂವರು. ಎಡಕ್ಕೊಬ್ಬಳು, ಬಲಕ್ಕೊಬ್ಬಳು ಪ್ರಾಪ್, ಅಂದರೆ ಆಧಾರದ ಕಂಬ. ನಡುವಿನವಳು ಎರಡೂ ಕೈಗಳನ್ನು ಆ ಇಬ್ಬರ ಬೆನ್ನ ಮೇಲೆ ಹಾಕಿ ತೊಟ್ಟಿಲಿನ ಹಾಗೆ ತೂಗಾಡುತ್ತಿರುತ್ತಾಳೆ. ಬಿದ್ದರೆ ಊರಲು ಅವಳಿಗೆ ಕೈಯಿಲ್ಲ. ಕಂಬ ಕುಸಿದರೆ ಮೊದಲು ಹೋಗುವುದು ನಡುವಿನವಳ ಕತ್ತು. ಆ ನಡುವಿನವಳು ನನ್ನ ಮಗಳು.

ಮೊದಲ ಸಲ ಸ್ಕ್ರಮ್ ನೋಡಿದಾಗ ಕಣ್ಣು ಮುಚ್ಚಿಕೊಂಡು ಕೊಲ್ಲೂರಿಗೆ ಹರಕೆ ಹೊತ್ತೆ. ಆಮೇಲೆ ಶಾಹೀನಳ ಪರಿಚಯವಾಯಿತು. ದಾವಣಗೆರೆಯ ಹುಡುಗಿ, ಗುರುಗ್ರಾಮದಲ್ಲಿ ಕಂಪ್ಯೂಟರ್ ಕೆಲಸ, ಮುನಿರ್ಕಾದಲ್ಲಿ ಬಾಡಿಗೆ ಕೋಣೆ, ಮೂರು ಹೊತ್ತೂ ನಮ್ಮಲ್ಲೇ ಊಟ. ಅಗಲ ಹೆಗಲು, ಗಟ್ಟಿ ಕಾಲು. ಅವಳು ಅನಘಾಳ ತಂಡದ ಬದಲಿ ಪ್ರಾಪ್. ಎಡಗಡೆಯವಳು ಬಿದ್ದರೂ ಬಲಗಡೆಯವಳು ಬಿದ್ದರೂ ಇವಳೇ ಹೋಗಿ ನಿಲ್ಲಬೇಕು. ಅದಕ್ಕಾಗಿ ಎರಡು ಚಳಿಗಾಲ ಆ ಹೊಗೆಮಂಜಿನಲ್ಲಿ ಬೆಳಗ್ಗೆ ಎದ್ದು, ಕೆಮ್ಮುತ್ತ, ಕಬ್ಬಿಣದ ಗಾಡಿ ದಬ್ಬಿ ಕಲಿತಿದ್ದಳು. "ಆಂಟಿ, ನೀವು ಕಣ್ಣು ಬಿಟ್ಟೇ ನೋಡಿ. ಕಂಬ ಸರಿಯಾಗಿ ನಿಂತ್ರೆ ಅನಘಾಗೆ ಸೋಫಾ ಮೇಲೆ ಕೂತ ಹಾಗೆ" ಎಂದು ಧೈರ್ಯ ಹೇಳಿದವಳು ಅವಳೇ. ಅಂದಿನಿಂದ ಕಣ್ಣು ತೆರೆದೇ ನೋಡುತ್ತಿದ್ದೇನೆ.

ಕ್ಯಾಂಡಿಯಿಂದ ಕರೆ ಬಂದಾಗ ಕ್ಲಬ್ಬಿಗೆ ಅದು ಮೊದಲ ವಿದೇಶ ಪ್ರವಾಸ. ನಮ್ಮ ಮೂಲೆ ಟೇಬಲ್ಲಿನಲ್ಲಿ ವಾರಗಟ್ಟಲೆ ಅದೇ ಚರ್ಚೆ. ಅನಘಾ ತಟ್ಟೆಯಲ್ಲಿ ಇಡ್ಲಿಗಳನ್ನು ಜೋಡಿಸಿ ನಮ್ಮವರು ಎನ್ನುತ್ತಿದ್ದಳು, ಎದುರಿಗೆ ಒಂದು ಹಿಡಿ ಬೂಂದಿ ಚೆಲ್ಲಿ ಕ್ಯಾಂಡಿಯವರು ಎನ್ನುತ್ತಿದ್ದಳು.

"ನೋಡಮ್ಮಾ, ಅವ್ರು ಚಿಕ್ಕ ವಯಸ್ಸಿಂದ ಆಡ್ತಾರೆ. ಪಾಸಿಂಗ್ ಏಕ್‌ದಮ್ ಮಕ್ಖನ್. ಓಟಕ್ಕೆ ಬಿಟ್ರೆ ನಾವು ಗಯಾ."

"ಮತ್ತೆ ಹೋಗೋದ್ಯಾಕೆ? ಸೋಲೋದಕ್ಕೆ ಸಮುದ್ರ ದಾಟಬೇಕಾ?" ಎಂದರು ನಮ್ಮ ಯಜಮಾನರು ಒಳಗಿನಿಂದ.

"ಪಪ್ಪಾ, ಸುನೋ ತೋ! ಸ್ಕ್ರಮ್‌ನಲ್ಲಿ ಅವ್ರು ಹಗುರ. ನಮ್ಮಲ್ಲಿ ಪೂನಂ ಇದ್ದಾಳೆ, ಮನೀಷಾ ಇದ್ದಾಳೆ."

ಪೂನಂ, ಮನೀಷಾ ಇಬ್ಬರೂ ಹರಿಯಾಣದ ಕುಸ್ತಿ ಅಖಾಡದಿಂದ ಬಂದವರು. ಅವರು ಬಂದ ದಿನ ನಾವು ಹಿಟ್ಟು ಜಾಸ್ತಿ ರುಬ್ಬುತ್ತೇವೆ. ಅವರಿಬ್ಬರ ನಡುವೆ ಅನಘಾ ತೂಗಿದರೆ ಎದುರಿನವರು ಹಿಂದಕ್ಕೆ ಹಿಂದಕ್ಕೆ ಹೋಗಲೇಬೇಕು. ಹಾಗಾಗಿ ಲೆಕ್ಕಾಚಾರ ಸರಳ. ಓಡಿದರೆ ಅವರು, ದಬ್ಬಿದರೆ ನಾವು. ಚೆಂಡನ್ನು ಓಡಲು ಬಿಡದೆ ಸ್ಕ್ರಮ್ಮಿನಲ್ಲೇ ಹಿಡಿದಿಟ್ಟರೆ ಗೆಲುವು ನಮ್ಮದು. ಕೋಚ್ ಬಿಷ್ಟ್ ಸಾಹೇಬರೂ ಅದನ್ನೇ ಹೇಳಿದರು. ಸೈನ್ಯದಲ್ಲಿ ಆಡಿದವರು, ಮಾತು ಕಡಿಮೆ. "ಬಸ್, ಮುಂದಿನ ಮೂವರು ಮತ್ತು ಶಾಹೀನ್. ಈ ನಾಲ್ವರು ನಿಂತ್ರೆ ನಾವು ಗೆಲ್ತೀವಿ" ಎಂದು ಕಾಫಿ ಕುಡಿದು ಎದ್ದರು.

ಆ ನಾಲ್ಕನೆಯ ಹೆಸರನ್ನು ನೆನಪಿಟ್ಟುಕೊಳ್ಳಿ.

ಸರೋಜಿನಿ ನಗರ

ಹೊರಡುವ ವಾರ ನಾನು, ಅನಘಾ, ಶಾಹೀನ್ ಸರೋಜಿನಿ ಮಾರ್ಕೆಟ್ಟಿಗೆ ಹೋದೆವು. ಕ್ಯಾಂಡಿಯಲ್ಲಿ ಯಾವಾಗ ಬೇಕಾದರೂ ಮಳೆ ಬರುತ್ತದೆಯಂತೆ, ರೇನ್‌ಕೋಟು ಬೇಕಿತ್ತು. ನಾನೂ ಹೋಗುವವಳಿದ್ದೆ. ನನ್ನ ಟಿಕೆಟ್ಟು ನನ್ನ ಖರ್ಚಿನದು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮಗಳ ಕತ್ತು ಬೇರೆ ದೇಶದಲ್ಲಿ ತೂಗಾಡುವಾಗ ನಾನು ಮುನಿರ್ಕಾದಲ್ಲಿ ಚಿಲ್ಲರೆ ಎಣಿಸುತ್ತ ಕೂರುವ ಪೈಕಿ ಅಲ್ಲ.

ಸರೋಜಿನಿಯಲ್ಲಿ ಶಾಹೀನಳ ಅಳತೆಯ ಬಟ್ಟೆ ಸಿಗುವುದು ಕಷ್ಟ. ಅಂಗಡಿಯವನು ಒಂದೊಂದೇ ತೆಗೆದು ತೋರಿಸುತ್ತಿದ್ದ, ಅವಳು ಒಂದೊಂದೇ ವಾಪಸು ಕೊಡುತ್ತಿದ್ದಳು. "ಭಯ್ಯಾ, ಹೆಗಲು ನೋಡಿ ಕೊಡಿ, ಸೊಂಟ ನೋಡಿ ಅಲ್ಲ" ಎಂದು ಅವಳು ಹಿಂದಿಯಲ್ಲಿ ಹೇಳಿದ್ದಕ್ಕೆ ಇಡೀ ಅಂಗಡಿ ನಕ್ಕಿತು. ಕೊನೆಗೆ ಗಂಡಸರ ರಾಶಿಯಿಂದ ನೀಲಿ ರೇನ್‌ಕೋಟೊಂದು ಸಿಕ್ಕಿತು. ಅವಳು ಅದನ್ನು ಅಲ್ಲೇ ಹಾಕಿಕೊಂಡು, ಬಿಸಿಲಿನಲ್ಲಿ ಬೆವರುತ್ತ, ಕನ್ನಡಿ ಮುಂದೆ ನಿಂತಿದ್ದಾಗ ಅನಘಾಳ ಫೋನು ಬಂತು.

ಬಿಷ್ಟ್ ಸಾಹೇಬರು. ಅನಘಾ ಕೇಳುತ್ತಾ ಕೇಳುತ್ತಾ ನಮಗೆ ಬೆನ್ನು ಹಾಕಿ ನಿಂತಳು. ಅವಳ ಕತ್ತು ಕೆಂಪಾಗುವುದು ನನಗೆ ಕಾಣುತ್ತಿತ್ತು.

ಕ್ಲಬ್ಬಿನ ಸೆಕ್ರೆಟರಿ ಪ್ರಯಾಣಿಕರನ್ನು ಅಂತಿಮ ಮಾಡಿದ್ದರು. ಸೆಕ್ರೆಟರಿ ಹೋಗುತ್ತಾರೆ. ಸೆಕ್ರೆಟರಿಯ ಹೆಂಡತಿ ಹೋಗುತ್ತಾರೆ, ಹುಡುಗಿಯರ ಯೋಗಕ್ಷೇಮಕ್ಕೆ. ಆ ಹೆಂಡತಿಯ ತಮ್ಮ ಹೋಗುತ್ತಾನೆ, ಮೀಡಿಯಾ ಮ್ಯಾನೇಜರ್ ಎಂದು. ಎಲ್ಲ ಕ್ಲಬ್ಬಿನ ಟಿಕೆಟ್ಟಿನಲ್ಲಿ. ಅಷ್ಟಾದ ಮೇಲೆ ಸೀಟು ಸಾಲದೆ ಬಂದಿತ್ತು. ಒಬ್ಬಳನ್ನು ಬಿಡಬೇಕಿತ್ತು. ಶಾಹೀನಳನ್ನು ಬಿಟ್ಟರು.

ಬಿಷ್ಟ್ ಸಾಹೇಬರು ಹೇಳಿದರಂತೆ, ಮುಂದಿನ ಸಾಲಿಗೆ ಕಲಿತವಳೇ ಬೇಕು, ಬೇರೆ ಯಾರನ್ನೂ ಅಲ್ಲಿ ನಿಲ್ಲಿಸುವ ಹಾಗಿಲ್ಲ, ಅದು ಆಟದ ಕಾನೂನು. ಸೆಕ್ರೆಟರಿ ಜೀವಮಾನವಿಡೀ ಕ್ರಿಕೆಟ್ ನೋಡಿದ ಮನುಷ್ಯ. ಬೌಲರಿಗೆ ಪೆಟ್ಟಾದರೆ ಬ್ಯಾಟ್ಸ್‌ಮನ್ನೂ ಒಂದೆರಡು ಓವರ್ ಹಾಕಬಹುದಲ್ಲ, ಹಾಗೇ ಎಂದುಕೊಂಡಿದ್ದರು. "ಅರೇ ಬಿಷ್ಟ್, ಹಮಾರೀ ಲಡ್ಕಿಯಾಂ ಸಬ್ ಆಲ್‌ರೌಂಡರ್ ಹೈಂ. ಬೆಂಚಿನಲ್ಲಿ ನೇಹಾ ಇದ್ದಾಳಲ್ಲ, ಅವಳನ್ನೇ ನಿಲ್ಲಿಸು" ಎಂದುಬಿಟ್ಟರಂತೆ. ನೇಹಾ ಯಾರು? ಅಂಚಿನಲ್ಲಿ ಓಡುವ ಹುಡುಗಿ. ಜಿಂಕೆಯಂಥವಳು. ಅವಳ ಕತ್ತು ನನ್ನ ಮುಂಗೈಯಷ್ಟಿದೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಕೇಳಿದ್ದೆ. ಇಲ್ಲಿ ಪೂಜಾರಿ ಪ್ರಸಾದವನ್ನೂ ಬಾಮೈದನ ಬಾಯಿಗೆ ಹಾಕಿದ.

ಶಾಹೀನ್ ಅಳಲಿಲ್ಲ. ರೇನ್‌ಕೋಟು ಬಿಚ್ಚಿ ಅಂಗಡಿಯವನಿಗೆ ಕೊಟ್ಟು, "ಇದು ಬೇಡ ಭಯ್ಯಾ" ಎಂದಳು. ಇಷ್ಟು ಹುಡುಕಿಸಿ ಬೇಡ ಎನ್ನುತ್ತೀರಲ್ಲ ಎಂದು ಅವನು ಗೊಣಗಿದ. ಅವನ ಮೇಲೆ ನಾನು ಹಾರಿಬಿದ್ದೆ. ಪಾಪ, ಅವನ ತಪ್ಪೇನಿತ್ತು? ಆದರೆ ಸೆಕ್ರೆಟರಿ ಅಲ್ಲಿರಲಿಲ್ಲವಲ್ಲ.

ವಿಮಾನ

ವಿಮಾನ ನಿಲ್ದಾಣದಲ್ಲಿ ಬಾಮೈದನ ದರ್ಶನವಾಯಿತು. ಮೂವತ್ತೈದರ ಆಸುಪಾಸು, ಬೊಜ್ಜು ಹೊಟ್ಟೆ, ತಲೆಯ ಮೇಲೆ ಕಪ್ಪು ಕನ್ನಡಕ. ಮೈಮೇಲೆ ತಂಡದ ಜರ್ಸಿ. ಬೆನ್ನು ತಿರುಗಿಸಿದ. ಹದಿನೇಳು.

ಈ ಆಟದಲ್ಲಿ ನಂಬರು ಮನುಷ್ಯರದಲ್ಲ, ಜಾಗದ್ದು. ಎಡಗಡೆಯ ಪ್ರಾಪ್ ಒಂದು, ನಡುವಿನವಳು ಎರಡು, ಬಲಗಡೆಯ ಪ್ರಾಪ್ ಮೂರು. ಹದಿನೇಳು ಎಂದರೆ ಬದಲಿ ಪ್ರಾಪ್. ಓಖ್ಲಾದ ಹೊಲಿಗೆ ಕಾರ್ಖಾನೆಯಲ್ಲಿ ಜರ್ಸಿ ಹೊಲಿಸುವಾಗ ಶಾಹೀನ್ ತಾನೇ ಹೋಗಿ ಹೆಗಲಿನ ಅಳತೆ ಕೊಟ್ಟು ಬಂದಿದ್ದಳು. ಬೇರೆ ಯಾವ ಜರ್ಸಿಯೂ ಬಾಮೈದನ ಹೊಟ್ಟೆಗೆ ಸಾಲಲಿಲ್ಲವಂತೆ. ಇದು ಸರಿಯಾಗಿ ಕೂತಿತು. "ಸ್ಮಾರ್ಟ್ ಹೈ ನಾ?" ಎಂದು ಅನಘಾಳನ್ನೇ ಕೇಳಿದ.

ನನ್ನ ಬಾಯಿ ತೆರೆಯಿತು. ಅನಘಾ ನನ್ನ ಮುಂಗೈ ಹಿಡಿದಳು. "ಅಮ್ಮಾ, ಪ್ಲೀಸ್. ನೀನು ಜಗಳ ಮಾಡಿದ್ರೆ ಬಿಷ್ಟ್ ಸರ್‌ನ ತೆಗೀತಾರೆ. ಮ್ಯಾಚ್ ತಕ್ ಚುಪ್. ಪ್ರಾಮಿಸ್?"

ಪಂದ್ಯ ಮುಗಿಯುವ ತನಕ ಎಂದು ಮಾತು ಕೊಟ್ಟೆ. ಆಮೇಲಿನದಕ್ಕೆ ಕೊಡಲಿಲ್ಲ. ವಿಮಾನದಲ್ಲಿ ಅವನು ನನ್ನ ಮುಂದಿನ ಸೀಟಿನಲ್ಲೇ ಕೂತು, ಸೀಟು ಹಿಂದಕ್ಕೆ ಬಾಗಿಸಿ, ಶಾಹೀನಳ ಅಂಗಿಯಲ್ಲಿ ಗೊರಕೆ ಹೊಡೆದ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಕಿಟಕಿಯ ಹೊರಗೆ ಏನಿತ್ತೋ ನನಗೆ ನೆನಪಿಲ್ಲ.

ಕ್ಯಾಂಡಿ

ಕೊಲಂಬೊದಿಂದ ಬಸ್ಸು ಬೆಟ್ಟ ಹತ್ತಿತು. ಹಸಿರೆಂದರೆ ಹಸಿರು, ಒಪ್ಪಿಕೊಳ್ಳುತ್ತೇನೆ. ದೆಹಲಿಯ ಗಾಳಿ ಕುಡಿದ ಎದೆಗೆ ಅದು ಔಷಧಿಯೇ. ಹುಡುಗಿಯರಿಗೆ ಶಾಲೆಯೊಂದರ ಹಾಲಿನಲ್ಲಿ ಹಾಸಿಗೆ, ಸೆಕ್ರೆಟರಿ ಪರಿವಾರಕ್ಕೆ ಕೆರೆ ಕಾಣುವ ಹೋಟೆಲು. ನಾನು ಸೋಮಾ ಎಂಬ ಹೆಂಗಸಿನ ಮನೆಯಲ್ಲಿ ಬಾಡಿಗೆ ಕೋಣೆ ಹಿಡಿದೆ.

ಬಸ್ ನಿಲ್ದಾಣದಿಂದ ಅವರ ಮನೆಗೆ ಆಟೋ ಹತ್ತಿದಾಗ ಅಭ್ಯಾಸಬಲದಿಂದ ದೊಡ್ಡ ದನಿಯಲ್ಲಿ "ಭಯ್ಯಾ, ಮೀಟರ್ ಸೇ ಚಲೋ!" ಎಂದೆ. ಅವನಿಗೆ ಹಿಂದಿ ಬಾರದು. ಆದರೆ ಮೀಟರ್ ಎಂಬುದು ತಿಳಿಯಿತು. ತಲೆಯಾಡಿಸಿ, ಮೀಟರ್ ಹಾಕಿ, ಹೊರಟೇಬಿಟ್ಟ. ಜಗಳಕ್ಕೆಂದು ಎದೆಯಲ್ಲಿ ತುಂಬಿಕೊಂಡಿದ್ದ ಗಾಳಿಯನ್ನು ಏನು ಮಾಡಬೇಕೆಂದು ತಿಳಿಯದೆ ಕೆಮ್ಮಿದೆ.

ಸೋಮಾ ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು, ನನ್ನಷ್ಟೇ ಬಾಯಿ. ನಾವಿಬ್ಬರೂ ಇಂಗ್ಲಿಷಿನಲ್ಲಿ ಅರ್ಧ, ಕೈಸನ್ನೆಯಲ್ಲಿ ಅರ್ಧ ಮಾತಾಡಿದೆವು. ಬೆಳಗ್ಗೆ ಒತ್ತು ಶಾವಿಗೆ, ತೆಂಗಿನಕಾಯಿ ಹಾಲಿನ ಸಾರು, ಕೆಂಪು ಮೆಣಸು ಹಾಕಿ ಕುಟ್ಟಿದ ಕಾಯಿಚಟ್ನಿ ಇಟ್ಟರು. ಮಧ್ಯಾಹ್ನ ನಮ್ಮ ಕುಚ್ಚಲಕ್ಕಿಯಂಥದೇ ಕೆಂಪು ಅನ್ನ. ದೆಹಲಿಯಲ್ಲಿ ಕುಚ್ಚಲಕ್ಕಿ ಕೇಳಿದರೆ "ಇದು ಹಾಳಾಗಿದೆಯಾ?" ಎನ್ನುತ್ತಾರೆ. ಪರದೇಶದಲ್ಲಿ ಕೂತು ತವರಿನ ಊಟ ಉಂಡೆ. ತುತ್ತು ಎತ್ತುವಾಗೆಲ್ಲ, ಇದನ್ನು ನನಗಿಂತ ಹೆಚ್ಚು ಬಾರಿಸುತ್ತಿದ್ದವಳು ಮುನಿರ್ಕಾದಲ್ಲಿದ್ದಾಳೆ ಎಂದು ನೆನಪಾಗಿ ಮತ್ತೆ ಉರಿಯುತ್ತಿತ್ತು.

ಆ ಊರಿಗೆ ರಗ್ಬಿ ಹುಚ್ಚು. ನಮ್ಮಲ್ಲಿ ಅಭ್ಯಾಸ ನಡೆಯುವಾಗ ದಾರಿಹೋಕರು ನಿಂತು, "ಪೊಲೀಸ್ ಭರ್ತಿಯಾ?" ಎಂದು ಕೇಳಿ ಹೋಗುತ್ತಾರೆ. ಇಲ್ಲಿ ಹಣ್ಣಿನಂಗಡಿಯಲ್ಲಿ, ಬಸ್ಸಿನಲ್ಲಿ, ಸೋಮಾರ ಜಗಲಿಯಲ್ಲಿ ಎಲ್ಲೆಡೆ ಎರಡು ತಂಡಗಳ ತೂಕ ಮಾಡುತ್ತಿದ್ದರು. ಸಂಜೆ ನೆರೆಯ ಹೆಂಗಸರು ಛತ್ರಿ ಹಿಡಿದು ಬಂದರು, ಕುಸ್ತಿಪಟುಗಳ ತಾಯಿ ನಾನೇ ಎಂದು ತಿಳಿದು. ಅಲ್ಲ, ನಡುವಿನವಳ ತಾಯಿ ಎಂದೆ. ಅದಕ್ಕೆ ಇನ್ನೂ ಹೆಚ್ಚು ಮರ್ಯಾದೆ ಸಿಕ್ಕಿತು.

"ನಿಮ್ಮ ಸ್ಕ್ರಮ್ ನಮ್ಮ ಹುಡುಗಿಯರನ್ನು ಕೆರೆಯ ತನಕ ದಬ್ಬುತ್ತದಂತೆ" ಎಂದರು ಸೋಮಾ. ಆಮೇಲೆ ಚಹಾ ಕಲಕುತ್ತ ಕೇಳಿದರು: "ಬದಲಿ ಪ್ರಾಪ್ ಹೇಗೆ?"

ನಾನು ಏನು ಹೇಳಲಿ? ಅವಳ ಅಂಗಿ ಬಂದಿದೆ, ಅವಳು ಬಂದಿಲ್ಲ ಎನ್ನಲೇ? "ತುಂಬ ಗಟ್ಟಿ" ಎಂದೆ. ಅದು ಸುಳ್ಳಲ್ಲ.

ಮೈದಾನ

ಪಂದ್ಯದ ದಿನ ಮಧ್ಯಾಹ್ನ ಸಣ್ಣ ಮಳೆ ಬಂದು ನಿಂತಿತ್ತು. ತುತ್ತೂರಿ, ಡೋಲು ಹಿಡಿದ ಬ್ಯಾಂಡಿನವರು ಬಂದಿದ್ದರು. ಅಜ್ಜಂದಿರು ಇಸ್ತ್ರಿ ಅಂಗಿ ಹಾಕಿ ಕೂತಿದ್ದರು. ಒಂದು ವಿಷಯಕ್ಕೆ ಬೆರಗಾದೆ. ನಮ್ಮವರು ಚೆನ್ನಾಗಿ ಆಡಿದರೂ ಅವರು ಚಪ್ಪಾಳೆ ತಟ್ಟುತ್ತಿದ್ದರು. ನಮ್ಮವಳು ಚೆಂಡನ್ನು ಗೋಲಿನ ಕಂಬಗಳ ನಡುವೆ ಒದೆಯಲು ನಿಂತರೆ ಮೈದಾನವಿಡೀ ಗಪ್‌ಚುಪ್. ಎದುರಾಳಿ ಒದೆಯುವಾಗ ಗದ್ದಲ ಮಾಡಬಾರದಂತೆ. ನಮ್ಮ ಕಡೆಯಿಂದ ಬಾಮೈದ ಒಬ್ಬನೇ, ಅವರು ಒದೆಯುವಾಗಲೆಲ್ಲ ಶಿಳ್ಳೆ ಹೊಡೆಯುತ್ತಿದ್ದ. ಆತಿಥೇಯರು ನಾಚಿಕೆಯಿಂದ ಬೇರೆ ಕಡೆ ನೋಡುತ್ತಿದ್ದರು.

ನಾನು ಮೈದಾನದ ಅಂಚಿನ ಹಗ್ಗದ ಪಕ್ಕವೇ ನಿಂತೆ. ಮೊದಲಾರ್ಧ, ಅಬ್ಬಾ! ಮೂಲೆ ಟೇಬಲ್ಲಿನ ಇಡ್ಲಿ ಲೆಕ್ಕ ಅಕ್ಷರಶಃ ನಿಜವಾಯಿತು. ಅವರು ಓಡಿದರು, ಒಂದು ಸಲ ನಮ್ಮವರು ನೋಡುತ್ತ ನಿಂತಂತೆಯೇ ಹೋಗಿ ಅಂಕದ ಗೆರೆ ದಾಟಿದರು. ಆದರೆ ಸ್ಕ್ರಮ್ ಬಂದಾಗಲೆಲ್ಲ ಪೂನಂ, ಅನಘಾ, ಮನೀಷಾ ಒಂದೇ ಉಸಿರಿನಲ್ಲಿ ಬಗ್ಗಿ ದಬ್ಬಿದರು. ಕ್ಯಾಂಡಿಯವರ ಕಾಲು ಕೆಸರಿನಲ್ಲಿ ಗೀರೆಳೆದುಕೊಂಡು ಹಿಂದೆ ಹೋಯಿತು. ಎರಡು ಸಲ ನಮ್ಮವರು ಹಾಗೇ ದಬ್ಬಿಕೊಂಡೇ ಗೆರೆ ದಾಟಿದರು. ಸೋಮಾ ನನ್ನ ಬೆನ್ನಿಗೊಂದು ಕೊಟ್ಟು, "ನಿನ್ನ ಮಗಳು ರಾಕ್ಷಸಿ" ಎಂದರು. ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ. ನಾವು ಮುಂದಿದ್ದೆವು.

ದ್ವಿತೀಯಾರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ಪೂನಂ ಬಿದ್ದಳು. ಹೆಗಲು ಜಾರಿತ್ತು. ಹಲ್ಲು ಕಚ್ಚಿಕೊಂಡು ಎದ್ದಳು, ಡಾಕ್ಟರ್ ಬಿಡಲಿಲ್ಲ. ಮುಂದಿನದು ಸ್ಕ್ರಮ್.

ರೆಫ್ರಿ ಗಿಡ್ಡ ಹೆಂಗಸು, ತಾಳ್ಮೆಯ ಮುಖ. ಅನಘಾಳನ್ನು ಕರೆದು ಬದಲಿ ಪ್ರಾಪ್ ಯಾರೆಂದು ಕೇಳಿದರು. ಸೆಕ್ರೆಟರಿ ನೇಹಾಳನ್ನು ಹೆಗಲು ಹಿಡಿದು ಮುಂದೆ ತಳ್ಳಿದರು. "ಟ್ರೇನ್ಡ್, ಮ್ಯಾಡಮ್, ಫುಲ್ಲಿ ಟ್ರೇನ್ಡ್!" ಎಂದು ಬಾಮೈದ ಅರಚಿದ. ಶಾಹೀನಳ ಅಂಗಿ ಹಾಕಿಕೊಂಡು ಅರಚಿದ.

ರೆಫ್ರಿ ಅವರತ್ತ ತಿರುಗಲೂ ಇಲ್ಲ. "ಕ್ಯಾಪ್ಟನ್, ನಾನು ನಿಮ್ಮನ್ನು ಕೇಳುತ್ತಿದ್ದೇನೆ. ಈ ಹುಡುಗಿ ಮುಂದಿನ ಸಾಲಿಗೆ ಕಲಿತಿದ್ದಾಳಾ? ನಿಮ್ಮ ಮಾತು ನನಗೆ ಸಾಕು" ಎಂದರು.

ಕಲಿತಿದ್ದಾಳೆ ಎಂದರೆ ದಬ್ಬಾಟ ಮುಂದುವರಿಯುತ್ತದೆ. ಇಲ್ಲ ಎಂದರೆ ಆಮೇಲಿನ ಸ್ಕ್ರಮ್ಮುಗಳೆಲ್ಲ ಬರೀ ಹೆಸರಿಗೆ. ಎಲ್ಲರೂ ಬಗ್ಗಿ ನಿಲ್ಲಬೇಕು, ಯಾರೂ ದಬ್ಬುವ ಹಾಗಿಲ್ಲ. ನಮ್ಮ ಹತ್ತಿರ ಇದ್ದ ಒಂದೇ ಬಲ ಅಲ್ಲಿಗೆ ಮುಗಿಯುತ್ತದೆ.

"ದೀದಿ, ಮೈ ಕರ್ ಲೂಂಗೀ, ನಾನು ನಿಲ್ತೀನಿ" ಎಂದಳು ನೇಹಾ. ಅವಳ ದನಿ ನಡುಗುತ್ತಿತ್ತು, ಆದರೂ ಹೇಳಿದಳು. ಒಳ್ಳೆಯ ಹುಡುಗಿ.

"ಹಾಂ ಬೋಲ್ ದೋ!" ಎಂದರು ಸೆಕ್ರೆಟರಿ. "ಎರಡು ಅಕ್ಷರ ಹೇಳೋಕೆ ಏನು ಕಷ್ಟ?"

ಅನಘಾ ನೇಹಾಳ ಮುಖ ನೋಡಲಿಲ್ಲ, ಕತ್ತು ನೋಡಿದಳು. ಆಮೇಲೆ ಒಂದೇ ಒಂದು ಸಲ ಹಗ್ಗದಾಚೆ ನಿಂತ ನನ್ನತ್ತ ತಿರುಗಿದಳು. ನಾನು ಏನನ್ನೂ ಸನ್ನೆ ಮಾಡಲಿಲ್ಲ. ಮಾಡಿದ್ದರೆ ಬೇಡ ಎಂದೇ ಮಾಡುತ್ತಿದ್ದೆ, ಅಷ್ಟು ಪ್ರಾಮಾಣಿಕವಾಗಿ ಹೇಳುತ್ತೇನೆ. ನನಗೆ ಪಂದ್ಯ ಬೇಕಿರಲಿಲ್ಲ, ಕತ್ತು ಬೇಕಿತ್ತು. ಆದರೆ ಮಾತು ಅವಳದು.

"ನೋ, ಮ್ಯಾಮ್. ಅವಳು ಕಲಿತಿಲ್ಲ" ಎಂದಳು ಅನಘಾ. "ಕಲಿತವಳು ದೆಹಲಿಯಲ್ಲಿದ್ದಾಳೆ."

ಆಮೇಲಿನದನ್ನು ಬರೆಯಲು ಬೇಸರವಾಗುತ್ತದೆ. ಸ್ಕ್ರಮ್ ಎಂದರೆ ಮದುವೆ ಮನೆಯ ಗ್ರೂಪ್ ಫೋಟೋದಂತೆ ಆಯಿತು. ಬಗ್ಗಿದರು, ಒರಗಿದರು, ಚೆಂಡು ಹಾಕಿದವರೇ ಚೆಂಡು ತೆಗೆದುಕೊಂಡರು. ಮನೀಷಾ ಸಿಟ್ಟಿನಿಂದ ಹುಲ್ಲು ಕೀಳುತ್ತಿದ್ದಳು. ಕ್ಯಾಂಡಿಯವರಿಗೆ ಇನ್ನೇನು ಬೇಕು? ಓಡಿದರು, ಮತ್ತೆ ಓಡಿದರು. ನಾವು ಸೋತೆವು. ಕೊನೆಯ ಸೀಟಿ ಊದಿದಾಗ ಮಗಳು ನೆಟ್ಟಗೆ ನಡೆದು ಬರುತ್ತಿದ್ದಾಳೆಂದು ನನ್ನ ಎದೆ ತಂಪಾಗಿತ್ತು. ಅದೇ ಎದೆ ಧಗಧಗ ಉರಿಯುತ್ತಲೂ ಇತ್ತು. ಎರಡೂ ಒಟ್ಟಿಗೆ ಆಗುತ್ತದೆ, ತಾಯಂದಿರಿಗೆ ಗೊತ್ತು.

ಊಟದ ಹಾಲು

ಪಂದ್ಯ ಮುಗಿದ ಮೇಲೆ ಎರಡೂ ತಂಡ ಒಟ್ಟಿಗೆ ಕೂತು ಉಣ್ಣುವುದು ಈ ಆಟದ ಪದ್ಧತಿ. ಗಂಟೆಯ ಹಿಂದೆ ಪರಸ್ಪರ ಕೆಸರಿಗೆ ಕೆಡವಿದವರು ಒಂದೇ ಬೆಂಚಿನಲ್ಲಿ ಅನ್ನ ಕಲಸುತ್ತಿದ್ದರು. ಊಟದ ಮೇಲೆ ಜರ್ಸಿ ಬದಲಾಯಿಸಿಕೊಳ್ಳುತ್ತಾರೆ, ಒಂದನೇ ನಂಬರಿನವಳು ಒಂದನೆಯವಳ ಜೊತೆ, ಎರಡನೆಯವಳು ಎರಡನೆಯವಳ ಜೊತೆ. ಎದುರು ನಿಂತು ಹೋರಾಡಿದ್ದಕ್ಕೆ ಅದು ಗುರುತು.

ಅದಕ್ಕೆ ಮೊದಲು ನಮ್ಮ ಸೆಕ್ರೆಟರಿ ಭಾಷಣಕ್ಕೆ ಎದ್ದರು. ಹುಡುಗಿಯರಲ್ಲಿ ಗೆಲ್ಲುವ ಛಲ ಸಾಲದು, ನಿರ್ಣಾಯಕ ಗಳಿಗೆಯಲ್ಲಿ ಕ್ಯಾಪ್ಟನ್ ಧೈರ್ಯ ಕಳೆದುಕೊಂಡಳು ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವರು ನೆಲವನ್ನು ತಾವೇ ಅಗೆದು ಹಾಕಿ, ಕುಣಿಯುವವಳನ್ನು ಡೊಂಕು ಎಂದರು. ಬಿಷ್ಟ್ ಸಾಹೇಬರು ತಟ್ಟೆ ಅಲ್ಲೇ ಬಿಟ್ಟು ಹೊರಗೆ ಹೋದರು. ಅನಘಾ ತಲೆ ಬಗ್ಗಿಸಿಕೊಂಡು ಅನ್ನ ಉಂಡಳು.

ಜರ್ಸಿ ಬದಲಾವಣೆ ಶುರುವಾಯಿತು. ಹುಡುಗಿಯರು ಬೇರೆ ಅಂಗಿ ಹಾಕಿಕೊಂಡು, ಕೆಸರಿನ ಜರ್ಸಿ ಕೈಯಲ್ಲಿ ಹಿಡಿದು ತಮ್ಮ ನಂಬರಿನವಳನ್ನು ಹುಡುಕಿ ಅಪ್ಪಿಕೊಳ್ಳುತ್ತಿದ್ದರು. ಒಬ್ಬಳು ಮಾತ್ರ ಹಾಲಿನ ನಡುವೆ ನಿಂತೇ ಇದ್ದಳು. ದಪ್ಪ ಕೆನ್ನೆ, ಅಗಲ ಹೆಗಲು. ಕೈಯಲ್ಲಿ ಕ್ಯಾಂಡಿಯ ಹದಿನೇಳು. ದಿನೂಷಾ ಎಂದು ಹೆಸರಂತೆ. ಅವಳು ನಮ್ಮ ಹದಿನೇಳನ್ನು ಹುಡುಕುತ್ತಿದ್ದಳು.

ನಮ್ಮ ಹದಿನೇಳು ಕುರ್ಚಿಯಲ್ಲಿ ಕಾಲು ಚಾಚಿ ಕೂತು ಬಿಯರ್ ಕುಡಿಯುತ್ತಿದ್ದ. ಅವಳ ಕೈಯಲ್ಲಿದ್ದ ನಂಬರು ನೋಡಿ ಅವನಿಗೆ ಖುಷಿಯಾಯಿತು. "ಎಕ್ಸ್‌ಚೇಂಜ್! ಎಕ್ಸ್‌ಚೇಂಜ್!" ಎನ್ನುತ್ತ ಕೈ ಚಾಚಿದ. ಆ ಹುಡುಗಿ ಅವನ ಹೊಟ್ಟೆ ನೋಡಿದಳು, ನಂಬರು ನೋಡಿದಳು. ಅತಿಥಿ ಎಂಬ ಮರ್ಯಾದೆಗೆ ಜರ್ಸಿ ಕೊಡಲು ಕೈ ಮುಂದೆ ಮಾಡಿದಳು.

ಪಂದ್ಯ ಮುಗಿದಿತ್ತು. ನನ್ನ ಮಾತೂ ಮುಗಿದಿತ್ತು. ಎದ್ದೆ.

ನನ್ನದು ಇಪ್ಪತ್ತು ವರ್ಷ ಸಬ್ಜಿ ಮಂಡಿಯಲ್ಲಿ ಪಳಗಿದ ಹಿಂದಿ. "ಅಂಗಿ ಬಿಚ್ಚಿ" ಎಂದೆ.

"ಕ್ಯಾ ಆಂಟೀಜಿ, ಮಜಾಕ್..."

"ಹದಿನೇಳು ಅಂದ್ರೆ ಪ್ರಾಪ್. ನೀವು ಪ್ರಾಪ್ ಆಗಿದ್ರೆ ಪೂನಂ ಬಿದ್ದಾಗ ಎಲ್ಲಿದ್ರಿ? ರೆಫ್ರಿ ಕರೆದ್ರಲ್ಲ, ಯಾಕೆ ಹೋಗ್ಲಿಲ್ಲ? ಹೋಗಿ ನಿಲ್ಲಬೇಕಿತ್ತು ನನ್ನ ಮಗಳ ಪಕ್ಕ. ನಿಮ್ಮ ಸೀಟಲ್ಲಿ ಕೂತು ಬರಬೇಕಾದವಳು ನಿಲ್ತಾ ಇದ್ಳು. ಬಿಚ್ಚಿ."

"ಭಾಭೀಜಿ, ಇದೇನು ತಮಾಷೆ! ಹೊರಗಿನವರ ಮುಂದೆ!" ಎಂದು ಸೆಕ್ರೆಟರಿ ಧಾವಿಸಿದರು.

"ನೀವು ಹೊರಗಿನವರ ಮುಂದೆ ನನ್ನ ಮಗಳಿಗೆ ಧೈರ್ಯ ಇಲ್ಲ ಅಂದ್ರಿ. ಧೈರ್ಯ ಇದ್ದದ್ದಕ್ಕೇ ಅವಳು ಇಲ್ಲ ಅಂದಿದ್ದು. ನಿಮಗೆ ಧೈರ್ಯ ಇದ್ದಿದ್ರೆ ನಿಮ್ಮ ಹೆಂಡತಿಗೆ, ಅವರ ತಮ್ಮನಿಗೆ ಸೀಟಿಲ್ಲ ಅಂತಿದ್ರಿ!"

ನಾನು ಆಡಿದ ಹಿಂದಿ ಆ ಊರಿನವರಿಗೆ ಎಷ್ಟು ತಿಳಿಯಿತೋ ಕಾಣೆ. ಆದರೆ ಅಂಗಿಗೆ ಕೈ ಚಾಚಿ ನಿಂತ ಹೆಂಗಸು ಮತ್ತು ಬೆವರುವ ಗಂಡಸು, ಇದಕ್ಕೆ ತರ್ಜುಮೆ ಬೇಕಿಲ್ಲ. ಮನೀಷಾ ನಿಧಾನ ಎದ್ದು ಬಂದು ನನ್ನ ಹಿಂದೆ ನಿಂತಳು. ತೋಳು ಕಟ್ಟಿಕೊಂಡಳು ಅಷ್ಟೇ. ಬಾಮೈದ ಜರ್ಸಿ ಬಿಚ್ಚಿ ಟೇಬಲ್ಲಿನ ಮೇಲೆ ಎಸೆದು, ಬನಿಯನ್ನಿನ ಮೇಲೆ ಭಾವನ ಕೋಟು ಹೊದ್ದು ಹೊರಗೆ ನಡೆದ.

ನಾನು ಅದನ್ನು ಮಡಿಸಿ ದಿನೂಷಾಳಿಗೆ ಕೊಟ್ಟೆ. "ಇದರ ಹುಡುಗಿ ಬಂದಿಲ್ಲ. ಹೆಸರು ಶಾಹೀನ್" ಎಂದೆ. ಅವಳು ತನ್ನದನ್ನು ನನ್ನ ಕೈಗಿತ್ತಳು. ಕಾಲರಿನ ಹತ್ತಿರ ಹೊಲಿಗೆ ಬಿಟ್ಟಿತ್ತು, ಎದೆಯ ಮೇಲೆ ಕೆಸರು. ಅನಘಾ ದೂರದಿಂದ ನನ್ನನ್ನೇ ನೋಡುತ್ತಿದ್ದಳು. ಬೈಯುತ್ತಾಳೆ ಎಂದುಕೊಂಡೆ. ಬಂದು ನನ್ನ ಹೆಗಲ ಮೇಲೆ ಹಣೆ ಇಟ್ಟು ಅತ್ತಳು.

ಮತ್ತೆ ಮುನಿರ್ಕಾ

ಊರಿಗೆ ಬಂದ ಸಂಜೆ ಶಾಹೀನ್ ಆಫೀಸು ಮುಗಿಸಿ ಹೋಟೆಲಿಗೆ ಬಂದಳು. ಮೂಲೆ ಟೇಬಲ್ಲಿನಲ್ಲಿ ಕೂರಿಸಿ ಎಲ್ಲ ಹೇಳಿದೆ. ಬಾಮೈದನ ಬನಿಯನ್ನಿಗೆ ಬಂದಾಗ ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಜರ್ಸಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು, ಬಿಟ್ಟ ಹೊಲಿಗೆಯೊಳಗೆ ಬೆರಳು ತೂರಿಸಿದಳು.

"ಇವಳು ಆಡಿದ್ಳಾ ಆಂಟಿ?"

"ಕೊನೇಲಿ ಇಳಿದ್ಳು. ಆದ್ರೆ ಅಷ್ಟೊತ್ತಿಗೆ ದಬ್ಬೋದೇ ಇರ್ಲಿಲ್ಲವಲ್ಲ ಮಗಳೇ. ಸುಮ್ನೆ ಒರಗಿ ನಿಂತಿದ್ಳು."

"ಹಾಗಾದ್ರೆ ಅವಳು ಕಲ್ತಿದ್ದೂ ವೇಸ್ಟ್ ಆಯ್ತು" ಎಂದಳು ಶಾಹೀನ್. ಜರ್ಸಿಯನ್ನು ನನ್ನ ಕಡೆಗೇ ಸರಿಸಿದಳು. "ಇದು ನಿಮ್ಮ ಹತ್ರಾನೇ ಇರ್ಲಿ. ನಾನು ಆಡದೇ ಇರೋ ಮ್ಯಾಚಿನ ಅಂಗಿ ನಂಗೆ ಬೇಡ."

ಅಂದಿನಿಂದ ಅದು ಗಲ್ಲಾದ ಕೆಳಗಿನ ಕಪಾಟಿನಲ್ಲಿದೆ.

ಸೆಕ್ರೆಟರಿ ಇನ್ನೂ ಸೆಕ್ರೆಟರಿಯೇ. ಅವರಿಗೆ ಯಾರೂ ಏನೂ ಮಾಡಲಿಲ್ಲ, ಮಾಡುವುದೂ ಇಲ್ಲ. ಈ ಸಲ ಪಂದ್ಯ ಇಲ್ಲೇ ದೆಹಲಿಯಲ್ಲಿ, ನಮ್ಮ ಹುಡುಗಿಯರು ಮೆಟ್ರೋ ಹಿಡಿದು ಮೈದಾನಕ್ಕೆ ಹೋಗುತ್ತಾರೆ. ಮೆಟ್ರೋದಲ್ಲಿ ಹೋಗಲು ಬಾಮೈದನಿಗೆ ಆಸಕ್ತಿಯಿಲ್ಲ, ಹೆಂಡತಿಗೆ ಬಿಡುವಿಲ್ಲ. ಆದ್ದರಿಂದ ಶಾಹೀನ್ ತಂಡದಲ್ಲಿದ್ದಾಳೆ. ಯಾರಿಗೂ ಬುದ್ಧಿ ಬಂದು ಅವಳಿಗೆ ಜಾಗ ಸಿಕ್ಕಿದ್ದಲ್ಲ, ಕದಿಯಲು ವಿಮಾನದ ಸೀಟಿಲ್ಲ ಎಂದು ಸಿಕ್ಕಿತು. ಇದನ್ನು ನ್ಯಾಯ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಯಾರಿಗೆ ಚಾನ್ಸು ಎಂದು ಕೇಳುತ್ತೀರಲ್ಲ, ಪೂನಂಳ ಹೆಗಲು ಇನ್ನೂ ಪೂರ್ತಿ ಗುಣವಾಗಿಲ್ಲ. ಎಡಗಡೆಯ ಕಂಬವಾಗಿ ಮೊದಲಿನಿಂದಲೇ ನಿಲ್ಲುವವಳು ಶಾಹೀನ್. ಕ್ಯಾಂಡಿಯವರೂ ಸುಮ್ಮನೆ ಕೂತಿಲ್ಲ. ದಿನೂಷಾ ಈಗ ಅವರಲ್ಲಿ ಬದಲಿಯಲ್ಲ, ಮೊದಲಿನಿಂದಲೇ ಆಡುವವಳಂತೆ. ಸೋಮಾ ಫೋನು ಮಾಡಿ ಹೇಳಿದರು. ಗೆಲ್ಲುವವರು ಗೆಲ್ಲಲಿ, ಆ ದಿನ ಹೋಟೆಲು ಬಾಗಿಲು ಹಾಕಿ ಹಗ್ಗದ ಪಕ್ಕ ನಿಲ್ಲುತ್ತೇನೆ.

ನಿನ್ನೆ ಶಾಹೀನ್ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಗಲ್ಲಾದ ಹತ್ತಿರ ಬಂದು ಕೇಳಿದಳು.

"ಆಂಟಿ, ಆ ಅಂಗಿ ಒಗೆದಿಟ್ಟಿದ್ದೀರಾ?"

"ಇಲ್ಲ ಮಾರಾಯ್ತಿ. ಕ್ಯಾಂಡಿ ಕೆಸರು ಹಾಗೇ ಇದೆ."

"ಒಗೆದು, ಆ ಹೊಲಿಗೆ ಹಾಕಿಸಿಡಿ. ಮ್ಯಾಚಿಗೆ ಮುಂಚೆ ಅವಳಿಗೆ ವಾಪಸ್ ಕೊಡ್ತೀನಿ" ಎಂದಳು. "ಚೆನ್ನಾಗಿ ದಬ್ಬಿದ ಮೇಲೆ ನಾನೇ ಕೇಳಿ ಇಸ್ಕೊಳ್ತೀನಿ."